ಐದು ಮಹಡಿ ಕೆಳಗೆ, ಮೂವತ್ತು ಸೆಕೆಂಡು

ಆ ದೀಪ ಸ್ವಲ್ಪ ಸಣ್ಣ ಮಾಡಿ... ಆರಿಸಬೇಡಿ, ಸಣ್ಣ ಮಾಡಿ ಅಂದೆ. ಹೇಳೋಳು ನಾನು, ಹೆದರಿಕೆ ಆಗೋದೂ ಮೊದಲು ನನಗೇ. ಭಾವ, ನೀವು ಈಗಲೇ ಹಲ್ಲು ಕಿರೀತಿದ್ದೀರಿ. ಕಿರೀತಾ ಇರಿ. ಇದು ಎಲ್ಲೋ ಯಾರಿಗೋ ಆದದ್ದಲ್ಲ. ನಮ್ಮ ದೊಡ್ಡಪ್ಪನ ಮಗ ಇದ್ದಾನಲ್ಲ, ಮುಕ್ಕಾಲಿ, ಅವನಿಗೆ ಆದದ್ದು. ಅರ್ಧ ಅವನು ಹೇಳಿದ್ದು, ಅರ್ಧ ಅತ್ತಿಗೆ ಹೇಳಿದ್ದು. ಇಬ್ಬರನ್ನೂ ಬೇರೆ ಬೇರೆ ಕೂರಿಸಿಕೊಂಡು ಕೇಳಿದೀನಿ. ಒಂದು ಮಾತೂ ಆಚೀಚೆ ಆಗಲಿಲ್ಲ.

ಮುಕ್ಕಾಲಿ ಅಂತ ಯಾಕೆ ಹೆಸರು ಬಂತು ಅಂದ್ರೆ, ಕ್ಯಾಮೆರಾ ನಿಲ್ಲಿಸೋ ಮೂರು ಕಾಲಿನ ಸ್ಟ್ಯಾಂಡ್ ಇರುತ್ತಲ್ಲ, ಅದು ಇಪ್ಪತ್ತು ವರ್ಷದಿಂದ ಅವನ ಹೆಗಲಿಂದ ಇಳಿದಿಲ್ಲ. ಊರೂರು ಸುತ್ತಿ ಹಳೇ ಕಟ್ಟಡಗಳ ಫೋಟೋ ತೆಗೀತಾನೆ. ಗೋಪುರ, ಸೇತುವೆ, ಕೋರ್ಟು, ರೈಲ್ವೆ ನಿಲ್ದಾಣ... ಪುಸ್ತಕದವರು, ಕ್ಯಾಲೆಂಡರಿನವರು ತಗೋತಾರೆ. ಅತ್ತಿಗೆ ಶಿಶುವಿಹಾರದಲ್ಲಿ ಟೀಚರು. ರಜಾ ಬಂತು ಅಂದ್ರೆ ಗಂಡನ ಜೊತೆ ಹೊರಡ್ತಾರೆ.

ಸುಮ್ಮನೆ ಹೋಗಲ್ಲ, ಅವರಿಗೂ ಕೆಲಸ ಇದೆ. ಕಟ್ಟಡ ಎಷ್ಟು ದೊಡ್ಡದು ಅಂತ ಗೊತ್ತಾಗಬೇಕಾದ್ರೆ ಫೋಟೋದಲ್ಲಿ ಒಬ್ಬ ಮನುಷ್ಯ ಇರಬೇಕಂತೆ. ಆ ಮನುಷ್ಯ ಅತ್ತಿಗೆ. ಕೆಂಪು ಸ್ವೆಟರ್ ಹಾಕ್ಕೊಂಡು ಬೆರಳಷ್ಟು ಸಣ್ಣಕ್ಕೆ ಒಂದು ಮೂಲೇಲಿ ನಿಂತಿರ್ತಾರೆ. "ಇವರಿಗೆ ಬೇಕಾಗಿದ್ದು ಹೆಂಡತಿ ಅಲ್ಲ, ಅಳತೆಕೋಲು" ಅಂತ ನಗ್ತಿದ್ರು.

ಆದರೆ ನಿಲ್ಲೋದು ಅಂದ್ರೆ ಸುಮ್ಮನೆ ನಿಲ್ಲೋದಲ್ಲ ಮತ್ತೆ. ಕತ್ತಲಲ್ಲಿ ತೆಗೆಯೋ ಫೋಟೋಗೆ ಕ್ಯಾಮೆರಾ ಮೂವತ್ತು ಸೆಕೆಂಡು ಕಣ್ಣು ಬಿಟ್ಟುಕೊಂಡೇ ಇರುತ್ತೆ. ಅಷ್ಟು ಹೊತ್ತೂ ಅತ್ತಿಗೆ ಅಲ್ಲಾಡಬಾರದು. ಮಧ್ಯದಲ್ಲಿ ಯಾರಾದ್ರೂ ಅಡ್ಡ ಬಂದ್ರೆ ಮುಕ್ಕಾಲಿ ದೂರದಿಂದ ಗಂಟಲು ಹರಿದುಕೊಳ್ತಾನೆ, "ಪಕ್ಕಕ್ಕೆ ಸರೀರಿ! ಹೋಗಿ ಅಲ್ಲಿಂದ!" ಅಂತ. ಅದು ಅತ್ತಿಗೆಗಲ್ಲ, ಬೇರೆಯವರಿಗೆ. ಅತ್ತಿಗೆಗೆ ಇದ್ದದ್ದು ಒಂದೇ ಮಾತು, "ಆಯ್ತು". ಅದು ಕಿವಿಗೆ ಬೀಳೋವರೆಗೆ ಆಕಾಶ ಕಳಚಿ ಬಿದ್ರೂ ಅವರು ಕದಲಲ್ಲ. ಹದಿನಾಲ್ಕು ವರ್ಷದ ಅಭ್ಯಾಸ ಅದು.

ಅವನಿಗೆ ಇನ್ನೊಂದು ಹುಚ್ಚಿದೆ. ಫೋಟೋ ಒಳಗೆ ಕಸಕಡ್ಡಿ ಇರಬಾರದು. ಸೈಕಲ್ ಇದ್ರೆ ಎತ್ತಿ ಆಚೆ ಇಡ್ತಾನೆ. ಕಸದ ಡಬ್ಬ ಇದ್ರೆ ತಳ್ತಾನೆ. ಒಂದ್ಸಲ ನಿದ್ದೆ ಮಾಡ್ತಿದ್ದ ಪೊಲೀಸಿನವನನ್ನೇ ಬೆಂಚು ಸಮೇತ ಸರಿಸೋಕೆ ಹೋಗಿ ಬೈಸಿಕೊಂಡಿದ್ದ. ಬೇರೆಯವರ ಸಾಮಾನು ಮುಟ್ಟಬೇಡಿ ಅಂತ ಅತ್ತಿಗೆ ಬಡ್ಕೊಂಡಿದ್ದೇ ಬಂತು.

ಆವತ್ತು ರಾತ್ರಿ ಹತ್ತೂವರೆ ಆಗಿತ್ತು. ಸೇತುವೆ ಫೋಟೋ ಮುಗಿಸಿ ಇಬ್ಬರೂ ಲಾಡ್ಜಿಗೆ ನಡ್ಕೊಂಡು ಬರ್ತಿದ್ರು. ಅಂಗಡಿಗಳೆಲ್ಲ ಮುಚ್ಚಿದ್ವು. ದಾರೀಲಿ ಒಂದು ಸಣ್ಣ ಚೌಕ, ಚೌಕದ ನಡುವೆ ಹಳೇ ಬಾವಿ. ಮೇಲೆ ಕಬ್ಬಿಣದ ಜಾಲರಿ ಹಾಕಿದ್ರು. ಬಾವಿ ದಾಟುವಾಗ ಒಳಗೆ ಎಲ್ಲೋ ಆಳದಲ್ಲಿ ತೊಟಕ್... ಅಂತ ಒಂದು ಹನಿ ಬಿತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ತೊಟಕ್.

"ರೀ, ಬೇಗ ನಡೀರಿ. ಕಾಲು ಕಿತ್ತು ಬರ್ತಿದೆ."

ಮುಕ್ಕಾಲಿ ನಿಂತುಬಿಟ್ಟಿದ್ದ. ಬಾವಿಗೆ ಎದುರಾಗಿ ಒಂದು ಐದು ಮಹಡಿಯ ಕಟ್ಟಡ ಇತ್ತು. ದೊಡ್ಡ ಬಾಗಿಲು ಅರ್ಧ ತೆರೆದಿತ್ತು. ಒಳಗೆ ದೀಪ.

"ಇದೇ ಕಣೇ ಅದು" ಅಂತ ಪಿಸುಗುಟ್ಟಿದ. "ಆ ಮೆಟ್ಟಿಲು ಇರೋ ಕಟ್ಟಡ."

ಆ ಮೆಟ್ಟಿಲು ಅವರ ಕಸುಬಿನವರಿಗೆಲ್ಲ ಗೊತ್ತಂತೆ. ಗೋಡೆಗೆ ಅಂಟಿಕೊಂಡು ಸುತ್ತು ಸುತ್ತಾಗಿ ಐದು ಮಹಡಿ ಏರುತ್ತೆ, ನಡುವೆ ಪೂರ್ತಿ ಖಾಲಿ. ಮೇಲಿಂದ ಬಗ್ಗಿ ನೋಡಿದ್ರೆ ಬಾವಿ ನೋಡಿದ ಹಾಗೆ. ತಳದಲ್ಲಿ ಕರಿ ಬಿಳಿ ಕಲ್ಲಲ್ಲಿ ಕೂಡಿಸಿದ ನಕ್ಷತ್ರ. ಎಲ್ಲರೂ ಕೆಳಗೆ ನಿಂತು ಮೇಲಕ್ಕೆ ಫೋಟೋ ತೆಗೆದಿದ್ದಾರೆ. ಮೇಲಿಂದ ಕೆಳಕ್ಕೆ, ನಕ್ಷತ್ರದ ಮೇಲೆ ಒಬ್ಬ ಮನುಷ್ಯನನ್ನ ನಿಲ್ಲಿಸಿ, ಯಾರೂ ತೆಗೆದಿಲ್ಲ. ಯಾಕೆ ತೆಗೆದಿಲ್ಲ ಅಂತ ಈ ಪುಣ್ಯಾತ್ಮ ಒಂದು ಕ್ಷಣ ಯೋಚಿಸಲಿಲ್ಲ ನೋಡಿ.

ಬಾಗಿಲ ಪಕ್ಕದ ಕೋಣೇಲಿ ಕಟ್ಟಡ ಕಾಯೋ ಹೆಂಗಸು ಇದ್ದಳು. ಐವತ್ತರ ಹತ್ತಿರ ವಯಸ್ಸು. ಒಲೆ ಮೇಲೆ ಏನೋ ಬೇಯ್ತಿತ್ತು. ಮೊದಲು ಆಗಲ್ಲ ಅಂದಳು, ಬೆಳಿಗ್ಗೆ ಬನ್ನಿ ಅಂದಳು. ಮುಕ್ಕಾಲಿ ಬಿಡ್ತಾನಾ? ಬೆಳಿಗ್ಗೆ ಬಸ್ಸಿದೆ ಅಂದ. ಹತ್ತೇ ನಿಮಿಷ ಅಂದ. ಅಮ್ಮ ತಾಯಿ ಅಂದ. ಕೊನೆಗೆ ಅವಳು ಸೌಟು ಹಿಡ್ಕೊಂಡೇ ಹೊರಗೆ ಬಂದು ಗೋಡೆ ಗಡಿಯಾರ ನೋಡಿದಳು.

"ಹನ್ನೊಂದರೊಳಗೆ ಇಳಿದುಬಿಡಿ. ಮತ್ತೆ... ಆ ಕುರ್ಚಿ ಮುಟ್ಟಬೇಡಿ."

ನಕ್ಷತ್ರದ ನಟ್ಟನಡುವೆ ಒಂದು ಮರದ ಕುರ್ಚಿ ಇತ್ತು. ಭಾರದ್ದು, ದಪ್ಪ ಕಾಲಿನದು. ಕೂರೋ ಹಲಗೆ ಮಾತ್ರ ಹೊಸದು, ಹೊಳೆಯೋ ಮೊಳೆ ಹೊಡೆದಿದ್ರು. ಒಡೆದದ್ದನ್ನ ರಿಪೇರಿ ಮಾಡಿದ ಹಾಗಿತ್ತು.

ಅವಳು ಒಳಗೆ ಹೋದದ್ದೇ ತಡ, ಮುಕ್ಕಾಲಿ ಕುರ್ಚಿಗೆ ಕೈ ಹಾಕಿದ.

"ರೀ! ಮುಟ್ಟಬೇಡಿ ಅಂದ್ರಲ್ಲ ಅವರು."

"ಎರಡು ನಿಮಿಷ ಕಣೇ. ಆಮೇಲೆ ಹಾಗೇ ಇಡ್ತೀನಿ. ಯಾರಿಗೆ ಗೊತ್ತಾಗುತ್ತೆ?"

ಸದ್ದಾಗದ ಹಾಗೆ ಎತ್ತಿ ಗೋಡೆ ಬದಿಗಿಟ್ಟ. ಅತ್ತಿಗೆ ಮೂಗು ಮುರಿದು ನಕ್ಷತ್ರದ ಮೇಲೆ ನಿಂತ್ಕೊಂಡ್ರು. ಅವನು ಮೇಲೆ ಹತ್ತಿದ. ಆ ಮೆಟ್ಟಿಲಿನ ದೀಪ ಹೇಗೆ ಅಂದ್ರೆ, ಒಂದು ಗುಂಡಿ ಒತ್ತಿದ್ರೆ ನಾಲ್ಕು ನಿಮಿಷ ಉರಿದು ತಾನಾಗೇ ಆರಿಹೋಗುತ್ತೆ. ಗೋಡೆ ಒಳಗೆ ಟಿಕ್ ಟಿಕ್ ಟಿಕ್ ಅಂತ ಸದ್ದು ಕೇಳ್ತಾನೇ ಇರುತ್ತೆ. ನಾಲ್ಕನೇ ಮಹಡಿ ದಾಟುವಾಗ ಒಂದು ಬಾಗಿಲಿಗೆ ಅಡ್ಡಡ್ಡ ಹಲಗೆ ಬಡಿದು ಮುಚ್ಚಿದ್ದು ಕಾಣ್ತು. ಯಾರೋ ಮನೆ ಖಾಲಿ ಮಾಡಿರಬೇಕು ಅಂದುಕೊಂಡ.

ಐದನೇ ಮಹಡಿ ತಲುಪಿ ಕ್ಯಾಮೆರಾನ ಮೆಟ್ಟಿಲಂಚಿನ ಕಬ್ಬಿಣದ ಕಂಬಿಗೆ ಬಿಗಿದ. ಸ್ಟ್ಯಾಂಡ್ ಮಡಚಿ ಪಕ್ಕಕ್ಕಿಟ್ಟ. ಬಗ್ಗಿ ನೋಡಿದ್ರೆ... ಕೆಳಗೆ ನಕ್ಷತ್ರ, ನಕ್ಷತ್ರದ ನಡುವೆ ಕೆಂಪು ಚುಕ್ಕೆ. ಅವನ ಜೀವಮಾನದ ಫೋಟೋ ಅದು ಅಂತ ಅನ್ನಿಸ್ತಂತೆ.

ಆ ಮೆಟ್ಟಿಲಲ್ಲಿ ಪಿಸುಮಾತೂ ಕೇಳುತ್ತೆ. "ತಯಾರಾ?" ಅಂದ.

"ಹೂಂ" ಅಂತ ಕೆಳಗಿಂದ ಬಂತು. "ಬೇಗ ಮುಗಿಸಿ."

ಕ್ಯಾಮೆರಾದ ಗುಂಡಿ ಒತ್ತಿದ. ಕ್ಲಿಕ್. ಮನಸ್ಸಲ್ಲೇ ಎಣಿಸೋಕೆ ಶುರು ಮಾಡಿದ. ಒಂದು... ಎರಡು... ಮೂರು...

ಐದಕ್ಕೆ ಅವನ ಕಾಲ ಕೆಳಗಿನ ಮಹಡೀಲಿ ಚಿಲಕ ತೆಗೆದ ಸದ್ದು. ಟಳಕ್.

ಏಳಕ್ಕೆ ಬರಿಗಾಲು. ದಡ ದಡ ದಡ... ಯಾರೋ ಓಡ್ತಿದ್ರು. ಹಿಂದೆನೇ ಇನ್ನೊಂದು ಕಾಲು, ಚಪ್ಪಲಿ ಹಾಕಿದ್ದು, ಅವಸರ ಇಲ್ಲದ್ದು. ಛಟ್ ಅಂತ ಒಂದು ಏಟು. ಬಟ್ಟೆ ಹರೀತು, ಪರ್ರ್... ಅಂತ. ಒಬ್ಬ ಹೆಂಗಸು ಉಸಿರು ಎಳ್ಕೊಂಡ ಸದ್ದು. ಕೂಗಲಿಲ್ಲ ಅವಳು. ಕೂಗೋಕೆ ಬಾಯಿ ಬಿಡೋ ಮೊದಲೇ ಏನೋ ಆಗಿತ್ತು.

ಯಾರದೋ ಮನೆ ಜಗಳ, ಫೋಟೋ ಹಾಳಾಗುತ್ತೆ... ಮೊದಲು ಅವನಿಗೆ ಹೊಳೆದದ್ದು ಇದು. ಇದನ್ನ ಹೇಳುವಾಗ ಮುಕ್ಕಾಲಿ ಅಳ್ತಾನೆ, ನಾನು ಕಣ್ಣಾರೆ ನೋಡಿದೀನಿ. ಬಗ್ಗಿ ನೋಡಿದ. ಕೆಳಗಿನ ಮಹಡಿಯ ಕಂಬಿ ಮೇಲೆ ಎರಡು ಕೈ. ಕಂಬಿಯ ಹೊರಗಡೆಯಿಂದ ಹಿಡ್ಕೊಂಡಿದ್ವು. ಆ ಹೆಂಗಸು ಖಾಲಿ ಜಾಗದಲ್ಲಿ ನೇತಾಡ್ತಿದ್ದಳು. ಒಳಗಡೆ ಒಬ್ಬ ಗಂಡಸು ನಿಂತಿದ್ದ. ಅಗಲ ಬೆನ್ನು, ಬನಿಯನ್ನು. ಕೈಯಲ್ಲಿ ಕಬ್ಬಿಣದ ಇಸ್ತ್ರಿ ಪೆಟ್ಟಿಗೆ.

ಠಣ್.

ತಪ್ಪಿ ಕಂಬಿಗೆ ಬಿತ್ತು. ಅವನು ಮತ್ತೆ ಎತ್ತಿದ. ಈ ಸಲ ಠಣ್ ಅನ್ನಲಿಲ್ಲ... ಚಪ್ ಅಂತು. ಎಡಗೈಯ ಬೆರಳು ಬಿಟ್ಟುಕೊಂಡ್ವು. ಅವಳ ಮೈ ಒಂದು ಕಡೆಗೆ ವಾಲ್ತು. ರಕ್ತ ಹನಿ ಹನಿಯಾಗಿ ಕೆಳಗೆ ಇಳೀತು, ನಾಲ್ಕು ಮಹಡಿ ಕೆಳಗೆ ಅತ್ತಿಗೆಯ ಕಾಲ ಹತ್ತಿರ.

ಆಗ ಅವನು ಕೆಂಪು ಚುಕ್ಕೆ ಕಡೆ ನೋಡಿದ. ಇವಳು ಬಿದ್ರೆ ಬೀಳೋದು ಎಲ್ಲಿ?

"ಪಕ್ಕಕ್ಕೆ ಸರಿ!" ಅಂತ ಕಿರುಚಿದ. "ಹೋಗು ಅಲ್ಲಿಂದ! ಸರಿ ಪಕ್ಕಕ್ಕೆ!"

ಅತ್ತಿಗೆ ಅಲ್ಲಾಡಲಿಲ್ಲ. ಯಾರೋ ಅಡ್ಡ ಬಂದಿದ್ದಾರೆ, ಅವರಿಗೆ ಬೈತಿದ್ದಾರೆ ಅಂದುಕೊಂಡ್ರಂತೆ. ಕತ್ತು ನೇರ, ಕೈ ನೇರ, ಗೊಂಬೆ ಥರ ನಿಂತೇ ಇದ್ರು. ಹೆಸರು ಹಿಡಿದು ಕೂಗಬಾರದಿತ್ತಾ ಅಂತ ಕೇಳ್ತೀರಿ. ಅಂಥ ಹೊತ್ತಲ್ಲಿ ನಿಮ್ಮ ಹೆಸರೇ ನಿಮಗೆ ನೆನಪಿರಲ್ಲ, ಭಾವ.

ಇಸ್ತ್ರಿ ಪೆಟ್ಟಿಗೆ ಮತ್ತೆ ಮೇಲಕ್ಕೆ ಹೋಯ್ತು.

"ಓಡು! ಓಡೇ!"

ಇಲ್ಲ. ಚಪ್.

ಆ ಕೈ ಬಿಡ್ತು. ಅವಳು ಬೀಳೋವಾಗ ಮುಕ್ಕಾಲಿಗೆ ಆ ಮಾತು ನೆನಪಾಯ್ತು.

"ಆಯ್ತು!"

ಅತ್ತಿಗೆ ಒಂದು ಹೆಜ್ಜೆ ಇಟ್ರು. ಒಂದೇ ಹೆಜ್ಜೆ. ತಲೆ ಮೇಲೆ ಬೀಳೋದು ಬಲಭುಜದ ಮೇಲೆ ಬಿತ್ತು. ಒಣಗಿದ ಸೌದೆ ಮುರಿದ ಹಾಗೆ ಲಟಕ್ ಅಂದದ್ದು ಐದನೇ ಮಹಡಿಗೂ ಕೇಳಿಸ್ತು. ಅತ್ತಿಗೆ ನೆಲಕ್ಕೆ ಬಿದ್ರು. ಮುಕ್ಕಾಲಿ ನೋಡ್ತಾನೆ... ಕೆಳಗೆ ಇರೋದು ಅತ್ತಿಗೆ ಒಬ್ಬರೇ. ಬಿದ್ದವಳು ಇಲ್ಲ. ಕಲ್ಲಿನ ಮೇಲೆ ರಕ್ತದ ಒಂದು ಹನಿ ಇಲ್ಲ.

ಕೆಳಗಿನ ಮಹಡಿಯ ಆ ಗಂಡಸು ಈಗ ತಲೆ ಎತ್ತಿದ. ಪಿಸುಮಾತಲ್ಲಿ ಕೇಳಿದ.

"ಆಯ್ತಾ?"

ಮುಕ್ಕಾಲಿ ಕಂಬಿಯಿಂದ ಹಿಂದಕ್ಕೆ ಸರಿದ.

"ಇನ್ನೂ ಇಬ್ಬರಿದ್ದಾರೆ" ಅಂತ ತಾನೇ ಉತ್ತರ ಹೇಳ್ಕೊಂಡು ಅವನು ಒಳಗೆ ಹೋದ.

ಮೆಟ್ಟಿಲು ಇರೋದು ಒಂದೇ. ಕೆಳಗೆ ಹೆಂಡತಿ ಬಿದ್ದಿದ್ದಾಳೆ. ನಡುವೆ ಅವನು. ಮುಕ್ಕಾಲಿ ಸ್ಟ್ಯಾಂಡ್ ಎರಡೂ ಕೈಯಲ್ಲಿ ಹಿಡ್ಕೊಂಡು ಇಳಿದ. ನಾಲ್ಕನೇ ಮಹಡಿ. ಹಲಗೆ ಬಡಿದಿದ್ದ ಬಾಗಿಲು ಹಾರುಹೊಡೆದಿತ್ತು. ಆ ಗಂಡಸು ಒಂದು ಹುಡುಗೀನ ಕೂದಲು ಹಿಡಿದು ಎಳ್ಕೊಂಡು ಬರ್ತಿದ್ದ. ಹದಿನೆಂಟು ಹತ್ತೊಂಬತ್ತರ ಹುಡುಗಿ. ಕಾಲಲ್ಲಿ ಚೌಕಟ್ಟಿಗೆ ಒದೀತಿದ್ದಳು, ದಡ್, ದಡ್ ಅಂತ. ಅವನು ಅವಳ ಮುಖವನ್ನ ಕಂಬಿಗೆ ಜಜ್ಜಿದ. ಒಂದು ಸಲ. ಎರಡನೇ ಸಲ. ಮೂರನೇ ಸಲಕ್ಕೆ ಹಲ್ಲು ಮೆಟ್ಟಿಲ ಮೇಲೆ ಟಕ ಟಕ ಟಕ ಅಂತ ಉರುಳಿ ಹೋದದ್ದು ಕೇಳಿಸ್ತು.

ಮುಕ್ಕಾಲಿ ಸ್ಟ್ಯಾಂಡ್ ಬೀಸಿ ಅವನ ಕತ್ತಿಗೆ ಹೊಡೆದ. ಹೊಗೆಗೆ ಹೊಡೆದ ಹಾಗಾಗುತ್ತೆ ಅಂದುಕೊಂಡಿದ್ದನಂತೆ. ಹಾಗಾಗಲಿಲ್ಲ. ಒದ್ದೆ ಗೋಣಿಚೀಲಕ್ಕೆ ಹೊಡೆದ ಹಾಗೆ ಧಪ್ ಅಂತ ಮಾಂಸಕ್ಕೆ ತಾಗ್ತು. ಅವನು ತಿರುಗಿದ. ಮುಖದಲ್ಲಿ ಸಿಟ್ಟಿರಲಿಲ್ಲ. ಕೆಲಸದ ನಡುವೆ ಯಾರೋ ಕರೆದ್ರೆ ನೋಡ್ತಾರಲ್ಲ, ಹಾಗೆ ನೋಡಿದ. ಮುಕ್ಕಾಲಿಯ ಎಡಗೈ ಮಣಿಕಟ್ಟು ಹಿಡಿದು ಕಂಬಿ ಮೇಲೆ ಒತ್ತಿದ. ಇಸ್ತ್ರಿ ಪೆಟ್ಟಿಗೆ ಎತ್ತಿದ. ಇಳಿಸಿದ.

ಎರಡು ಬೆರಳು ಆವತ್ತಿಗೇ ಹೋದವು. ಇವತ್ತಿಗೂ ಅವನು ಲೋಟ ಹಿಡಿಯೋದು ಮೂರೇ ಬೆರಳಲ್ಲಿ. ಮೆಷಿನ್ನಿಗೆ ಸಿಕ್ಕಿತು ಅಂತ ಎಲ್ಲರಿಗೂ ಹೇಳ್ತಾನೆ. ಕ್ಯಾಮೆರಾದಲ್ಲಿ ಬೆರಳು ಮುರಿಯೋ ಮೆಷಿನ್ ಎಲ್ಲಿಂದ ಬರುತ್ತೆ ಹೇಳಿ?

ಆ ಹುಡುಗಿ ಅವನ ಕೈಯಿಂದ ಜಾರಿದ್ದಳು. ಅವಳನ್ನ ಹಿಡಿಯೋಕೆ ಅವನು ಬಗ್ಗಿದಾಗ ಮುಕ್ಕಾಲಿ ತಪ್ಪಿಸ್ಕೊಂಡ. ಓಡಿದ. ಮೂರು... ಎರಡು... ಹೆಜ್ಜೆ ಎಲ್ಲಿ ಬಿತ್ತೋ ಗೊತ್ತಿಲ್ಲ. ಕೆಳಗೆ ಬಂದಾಗ ಕಾವಲಿನ ಹೆಂಗಸು ಅತ್ತಿಗೆಯನ್ನ ಕಂಕುಳಲ್ಲಿ ಕೈ ಹಾಕಿ ನಕ್ಷತ್ರದಿಂದ ಆಚೆ ಎಳೀತಿದ್ದಳು.

"ಕಾಲು ಹಿಡೀರಿ! ಬೇಗ!"

ಹಿಡಿದು ಎಳೆದ. ಅತ್ತಿಗೆಯ ಕಾಲು ನಕ್ಷತ್ರದ ಅಂಚು ದಾಟಿತೋ ಇಲ್ಲವೋ... ಧಡ್! ನೆಲ ಅದುರ್ತು. ಅತ್ತಿಗೆ ಬಿದ್ದಿದ್ದ ಜಾಗದಲ್ಲೇ. ಏನೂ ಕಾಣಲಿಲ್ಲ. ಗಾಳಿ ಮಾತ್ರ ಮುಖಕ್ಕೆ ಹೊಡೀತು, ಬಿಸಿ ಗಾಳಿ. ಅದೇ ಹೊತ್ತಿಗೆ ಟಿಕ್ ಟಿಕ್ ನಿಂತು ಟಕ್ ಅಂತ ದೀಪ ಆರಿತು. ಕಾವಲಿನವಳ ಕೋಣೆಯಿಂದ ಬರ್ತಿದ್ದ ಬೆಳಕಷ್ಟೇ ಉಳೀತು.

"ಕುರ್ಚಿ ಎತ್ತಿದ್ದು ಯಾರು?" ಅಂತ ಅವಳು ಹಲ್ಲು ಕಚ್ಚಿ ಕೇಳಿದಳು. "ಹೇಳಿರಲಿಲ್ವಾ ನಾನು?"

"ಯಾರದು ಮೇಲೆ?"

"ದರ್ಜಿ. ನಾಲ್ಕನೇ ಮಹಡೀಲಿ ಬಾಡಿಗೆಗೆ ಇದ್ದೋನು. ಹೆಂಡತಿ, ಅವಳ ತಂಗಿ, ಮಗು. ನಮ್ಮತ್ತೆ ಕಾಲದ್ದು. ಯಾಕೆ ಮಾಡಿದ ಅಂತ ಯಾರಿಗೂ ಗೊತ್ತಾಗಲಿಲ್ಲ." ಕುರ್ಚಿ ಎಳ್ಕೊಂಡು ಬಂದಳು. ಕಲ್ಲಿನ ಮೇಲೆ ಕಿರ್ರ್... ಅಂತು. "ಅಲ್ಲಿ ಯಾರೂ ನಿಲ್ಲಬಾರದು ಅಂತಲೇ ಇದನ್ನ ಇಡೋದು. ಇನ್ನೊಂದಿದೆ. ದೂರ ಇರಿ."

ಅತ್ತಿಗೆಗೆ ಪ್ರಜ್ಞೆ ಇತ್ತು. ಬಲಗೈ ಚರ್ಮದಲ್ಲಿ ನೇತಾಡೋ ಹಾಗೆ ಜೋತು ಬಿದ್ದಿತ್ತು, ಭುಜದ ಮೂಳೆ ಸ್ವೆಟರ್ ಒಳಗಿಂದ ಚುಚ್ಕೊಂಡಿತ್ತು. ಎಡಗೈ ಊರಿ ಎದ್ದು ಕೂತ್ರು. ಮೇಲೆ ಕತ್ತಲಲ್ಲಿ ಒಂದು ಸಣ್ಣ ದನಿ. ಅಳು ಅಲ್ಲ... ನಿದ್ದೆಯಿಂದ ಎಬ್ಬಿಸಿದ್ರೆ ಮಕ್ಕಳು ಕುಂಯ್ ಅಂತಾವಲ್ಲ, ಅದು. ಆಮೇಲೆ ಚಪ್ಪಲಿ ಸದ್ದು. ಕಂಬಿ ಕಡೆಗೆ.

ಅತ್ತಿಗೆ ಎದ್ದು ನಿಂತ್ರು. ನಕ್ಷತ್ರದ ಹತ್ತಿರ ಹೋಗಿ ಕುರ್ಚೀನ ಕಾಲಲ್ಲಿ ಒದ್ದು ಆಚೆ ತಳ್ಳಿದ್ರು.

"ಏನು ಮಾಡ್ತಿದ್ದೀಯೇ!"

"ಕುರ್ಚಿ ಮೇಲೆ ಬಿದ್ರೆ ಮಗುಗೆ ಪೆಟ್ಟಾಗುತ್ತೆ."

"ಅಮ್ಮಾ, ಅದು ಸತ್ತು ಐವತ್ತು ವರ್ಷ ಆಯ್ತು" ಅಂತ ಕಾವಲಿನವಳು ಕೈ ಮುಗಿದಳು. "ನಿಮಗೆ ಪುಣ್ಯ ಬರುತ್ತೆ, ಬನ್ನಿ ಈಚೆ."

"ಇವತ್ತು ಬೀಳ್ತಿದೆಯಲ್ಲ?" ಅಂದ್ರು ಅತ್ತಿಗೆ.

ಮುಕ್ಕಾಲಿ ಅವರ ಸೊಂಟ ಹಿಡಿದು ಎಳೆದ. ಅವರು ಕದಲಲಿಲ್ಲ. ಕದಲದೆ ನಿಲ್ಲೋದನ್ನ ಕಲಿಸಿದೋನು ಅವನೇ ಅಲ್ವಾ! ಮೊದಲನೆಯವಳು ಭುಜ ಮುರಿದಿದ್ದಳು. ಇದು ತಲೆ ಮೇಲೆ ಬಿದ್ರೆ? ಅಳ್ತಾ ಬೈದ. ಬೇಡ ಕಣೇ, ನನ್ನ ತಪ್ಪು, ನಿನ್ನ ಕಾಲಿಗೆ ಬೀಳ್ತೀನಿ ಅಂದ. ಅತ್ತಿಗೆ ಮೇಲೆ ನೋಡ್ತಾನೇ ಇದ್ರು. ನೋವಿಗೆ ತುಟಿ ಕಚ್ಚಿ ಗಲ್ಲದವರೆಗೆ ರಕ್ತ ಬಂದಿತ್ತು.

"ನನಗಿರೋದು ಒಂದೇ ಕೈ" ಅಂದ್ರು. "ನಿಮ್ಮ ಒಳ್ಳೇ ಕೈ ನನ್ನ ಮೊಣಕೈ ಕೆಳಗೆ ಕೊಡಿ. ಅಲ್ಲಾಡಬೇಡಿ."

ಕೊಟ್ಟ. ಇನ್ನೇನು ಮಾಡ್ತಾನೆ? ಹೆಂಡತಿ ಹೋದ್ರೆ ತಾನೂ ಹೋಗೋದು ಅಂತ ತೀರ್ಮಾನ ಮಾಡಿ ಕಣ್ಣು ಮುಚ್ಚಿ ನಿಂತ.

ಮೊದಲು ಏನೂ ಇಲ್ಲ... ಆಮೇಲೆ ಮೇಲಿಂದ ಬಟ್ಟೆ ಗಾಳಿಗೆ ಪಟಪಟ ಅನ್ನೋ ಸದ್ದು. ಹತ್ತಿರ ಬಂತು. ಹತ್ತಿರ... ಅತ್ತಿಗೆಯ ತೋಳು ಒಮ್ಮೆಲೇ ಕೆಳಗೆ ಕುಸೀತು. ಅವನ ಅಂಗೈಗೂ ಆ ಭಾರ ಗೊತ್ತಾಯ್ತು. ಇಬ್ಬರ ಮೊಣಕಾಲೂ ನೆಲಕ್ಕೆ ಬಡೀತು. ಆದರೆ ಧಡ್ ಅನ್ನೋ ಸದ್ದು ಬರಲಿಲ್ಲ.

ಕಣ್ಣು ಬಿಟ್ಟು ನೋಡಿದ. ಅತ್ತಿಗೆಯ ತೋಳಲ್ಲಿ ಏನೂ ಇಲ್ಲ. ತೋಳು ಮಾತ್ರ ಮಡಚಿ ಎದೆಗೆ ಒತ್ತಿಕೊಂಡಿತ್ತು.

"ಬಿಸಿ ಇದೆ" ಅಂತ ಪಿಸುಗುಟ್ಟಿದ್ರು ಅತ್ತಿಗೆ.

ಮೇಲೆ ಮೌನ. ಆ ಮೌನದಲ್ಲಿ ದರ್ಜಿ ಕಿವಿಗೊಟ್ಟು ಕೇಳ್ತಿದ್ದಾನೆ ಅಂತ ಮೂವರಿಗೂ ಗೊತ್ತಾಯ್ತು. ಆಮೇಲೆ ಇಸ್ತ್ರಿ ಪೆಟ್ಟಿಗೆ ಕಂಬಿಗೆ ಬಡೀತು. ಠಣ್! ಮತ್ತೆ. ಠಣ್! ಹೆಜ್ಜೆ ಶುರುವಾಯ್ತು. ಇಳಿಯೋ ಹೆಜ್ಜೆ. ಒಂದೊಂದು ಮೆಟ್ಟಿಲಿಗೂ ಒಂದೊಂದು ಠಣ್.

ಕಾವಲಿನವಳ ಮುಖ ಸುಣ್ಣ ಆಯ್ತು. "ಇವನು ಕೆಳಗೆ ಬಂದವನೇ ಅಲ್ಲ... ಇಷ್ಟು ವರ್ಷದಲ್ಲಿ ಒಂದು ದಿನ ಬಂದಿಲ್ಲ. ಓಡಿ!"

ಮೂವರೂ ಬೀದಿಗೆ ಓಡಿದ್ರು. ಅವಳು ದೊಡ್ಡ ಬಾಗಿಲು ಎಳೆದು ಹೊರಗಿಂದ ಬೀಗ ಹಾಕಿದಳು. ಬೀಗದ ಕೈ ತಿರುಗಿಸಿ ಕೈ ತೆಗೆಯೋದಕ್ಕೂ ಒಳಗಿಂದ ಏಟು ಬೀಳೋದಕ್ಕೂ ಸರಿ ಹೋಯ್ತು. ಬೆರಳುದ್ದ ದಪ್ಪದ ಮರದ ಬಾಗಿಲು. ಮೂರು ಏಟು. ಮೂರನೇದಕ್ಕೆ ಮರ ಸೀಳಿ ಸಿಬಿರು ಮುಕ್ಕಾಲಿಯ ಕೆನ್ನೆಗೆ ಚುಚ್ಚಿತು. ಅಷ್ಟೇ. ನಿಂತುಹೋಯ್ತು.

ಕಾವಲಿನವಳು ಬಾಗಿಲ ಹೊರಗಿನ ಮೆಟ್ಟಿಲ ಮೇಲೆ ಕುಸಿದು ಕೂತಳು. ಉಸಿರು ಬಂದ ಮೇಲೆ ಅವಳು ಹೇಳಿದ ಮೊದಲ ಮಾತು, "ಒಲೆ ಮೇಲೆ ಪಾತ್ರೆ ಇತ್ತು, ಸೀದುಹೋಗಿರುತ್ತೆ" ಅಂತ.

ಕ್ಯಾಮೆರಾನ ಅವಳೇ ಆಮೇಲೆ ಪಾರ್ಸಲ್ ಮಾಡಿ ಕಳಿಸಿದಳು. ಹಾಂ, ಫೋಟೋ ಏನಾಯ್ತು ಅಂತ ಕೇಳೇ ಕೇಳ್ತೀರಿ ಅಂತ ಗೊತ್ತಿತ್ತು. ಅದರಲ್ಲಿ ಏನೂ ಇಲ್ಲ. ಮಬ್ಬು. ಇವನು ಕಿರುಚುವಾಗ ಕಂಬಿ ಅಲ್ಲಾಡಿದೆ, ಪೂರ್ತಿ ಕಲಸಿಹೋಗಿದೆ. ದೆವ್ವ ಫೋಟೋದಲ್ಲಿ ಬಂದು ಕೂರುತ್ತೆ ಅನ್ನೋದೆಲ್ಲ ಸಿನಿಮಾದವರ ಕತೆ. ಪಾರ್ಸಲ್ ಒಳಗೆ ಒಂದು ಚೀಟಿ ಇತ್ತು. "ಬೀಳೋ ಸದ್ದು ಈಗ ಎರಡೇ ಸಲ ಕೇಳುತ್ತೆ" ಅಂತ ಬರೆದಿದ್ದಳು.

ಇನ್ನೊಂದು ಇದೆ. ಇದನ್ನ ಮುಕ್ಕಾಲಿ ಹೇಳಲಿಲ್ಲ, ನಾನೇ ಕೆದಕಿ ಕೆದಕಿ ಹೊರಗೆ ತೆಗೆದದ್ದು.

ಆ ರಾತ್ರಿ ಆಸ್ಪತ್ರೇಲಿ ಆಪರೇಷನ್ನಿಗೆ ಮುಂಚೆ ಅತ್ತಿಗೆಯ ತೂಕ ನೋಡಿದ್ರು. ಅರಿವಳಿಕೆ ಎಷ್ಟು ಕೊಡಬೇಕು ಅಂತ ಲೆಕ್ಕಕ್ಕೆ ಬೇಕಲ್ಲ. ನರ್ಸು ಎಷ್ಟಮ್ಮ ನಿಮ್ಮ ತೂಕ ಅಂದಳು. ಐವತ್ನಾಲ್ಕು ಅಂದ್ರು. ಹಿಂದಿನ ತಿಂಗಳಷ್ಟೇ ನೋಡಿಸಿದ್ರು. ಮೆಷಿನ್ ಮೇಲೆ ನಿಂತ್ರೆ ಅರವತ್ತೈದು. ನರ್ಸು ಮೆಷಿನ್ ಕೆಟ್ಟಿದೆ ಅಂತ ಇನ್ನೊಂದು ತಂದಳು. ಅರವತ್ತೈದು. ಮುಕ್ಕಾಲೀನ ನಿಲ್ಲಿಸಿದ್ರು, ಅವನದು ಸರಿಯಾಗೇ ತೋರಿಸ್ತು. ಎಡಗೈ ಕೆಳಗೆ ಬಿಡಿ ಅಂತ ಡಾಕ್ಟರು ಎಷ್ಟು ಹೇಳಿದ್ರೂ ಅತ್ತಿಗೆ ಬಿಡಲಿಲ್ಲಂತೆ. ಆ ಕೈಗೆ ಏನೂ ಆಗಿರಲಿಲ್ಲ.

ಎರಡು ವರ್ಷ ಆಯ್ತು ಇದೆಲ್ಲ ನಡೆದು. ನೀವು ನಂಬಲ್ಲ ಅಂತ ಗೊತ್ತಿದ್ದೇ ಹೋದ ವಾರ ಅತ್ತಿಗೆಯನ್ನ ನಾನೇ ಬಸ್ ನಿಲ್ದಾಣಕ್ಕೆ ಕರ್ಕೊಂಡು ಹೋಗಿದ್ದೆ. ಅಲ್ಲಿ ಕಾಸು ಹಾಕಿದ್ರೆ ಚೀಟಿ ಕೊಡೋ ತೂಕದ ಮೆಷಿನ್ ಇದೆ. ಅತ್ತಿಗೆ ಏನೂ ದಪ್ಪ ಆಗಿಲ್ಲ, ನೀವೇ ನೋಡಿದ್ದೀರಿ, ಕೊರಳ ಮೂಳೆ ಎದ್ದು ಕಾಣುತ್ತೆ. ಕೈಚೀಲ ನಾನು ಹಿಡ್ಕೊಂಡಿದ್ದೆ. ಚೀಟಿ ಬಂತು. ಇಗೋ, ಇಲ್ಲೇ ಇದೆ, ದೀಪದ ಹತ್ತಿರ ಹಿಡಿದು ಓದ್ಕೊಳ್ಳಿ, ತಾರೀಕೂ ಇದೆ. ಸುಳ್ಳು ಹೇಳಿ ನನಗೆ ಆಗಬೇಕಾದ್ದೇನು?

ಅರವತ್ತೆಂಟು.

"ಅತ್ತಿಗೆ, ಆಸ್ಪತ್ರೇಲಿ ಅರವತ್ತೈದಿತ್ತಲ್ಲ" ಅಂದೆ.

"ಎರಡು ವರ್ಷ ಆಯ್ತಲ್ಲಮ್ಮ" ಅಂತ ಹೇಳಿ ಅತ್ತಿಗೆ ಮೆಲ್ಲಗೆ ಕೆಳಗಿಳಿದ್ರು.